ಕೆತ್ತಿದ ಮರಕ್ಕೆ ನೀರು ತುಂಬುವುದು: ಸುರಂಗದ ಪಳ್ಳಕ್ಕೆ ಯಾವ ರೆಸಿನ್, ಬೇಕಲದ ಅಲೆಗೆ ಯಾವುದು?

ಹಲಸಿನ ಹಲಗೆಯಲ್ಲಿ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡ ಕೆತ್ತಿ, ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ತೋಡುವಂಥ ಸುರಂಗದ ಬಾಯಿಯೊಂದನ್ನು ಕೊರೆದು, ಮುಂದೆ ಪುಟ್ಟ ಪಳ್ಳ, ಅಂದರೆ ನೀರು ನಿಲ್ಲುವ ಗುಂಡಿ, ತೋಡಿದ್ದಾಗಿದೆ. ಇನ್ನು ನೀರು ಬೇಕು, ಅಂದರೆ ಸುರಿದ ಮೇಲೆ ಗಟ್ಟಿಯಾಗಿ ನೀರಿನಂತೆ ಕಾಣುವ ರೆಸಿನ್. ಆನ್‌ಲೈನ್‌ನಲ್ಲಿ ಹುಡುಕಿದರೆ ‘ರೆಸಿನ್’ ಎಂಬ ಒಂದೇ ಹೆಸರಿನಡಿ ಐದಾರು ಬಗೆಯ ಬಾಟಲಿಗಳು ಸಿಗುತ್ತವೆ. ಎಲ್ಲದರ ಮೇಲೂ ಗಾಜಿನಂತೆ ಹೊಳೆಯುವ ನೀರಿನ ಚಿತ್ರ. ಒಳಗಿರುವುದು ಮಾತ್ರ ಬೇರೆ ಬೇರೆ ವಸ್ತು. ಒಂದು ಕಡೆ ಚೆನ್ನಾಗಿ ನಿಲ್ಲುವುದು ಇನ್ನೊಂದು ಕಡೆ ಹೊಗೆಯಾಡಿ ಬಿರುಕು ಬಿಡುತ್ತದೆ, ಇಲ್ಲವೇ ವಾರಗಟ್ಟಲೆ ಅಂಟಂಟಾಗಿಯೇ ಉಳಿಯುತ್ತದೆ.

ಬ್ರ್ಯಾಂಡ್ ಮತ್ತು ಬೆಲೆ ನೋಡಿ ಆರಿಸಬೇಡಿ. ಮೊದಲು ನಿಮ್ಮ ದೃಶ್ಯವನ್ನೇ ಎರಡು ಮಾತು ಕೇಳಿ: ನೀರು ಎಷ್ಟು ಆಳ? ನೀರು ನಿಂತಿದೆಯೋ, ಓಡುತ್ತಿದೆಯೋ? ಇವೆರಡಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಪಾಲು ಆಯ್ಕೆ ಮುಗಿಯಿತು. ಉಳಿದ ಕಾಲು ಪಾಲು ಕಾಸರಗೋಡಿನ ಹವೆಗೆ ಸೇರಿದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಗಾಳಿಯಲ್ಲಿರುವ ನೀರಿನ ಪಸೆ ಬಾಟಲಿಯ ಮೇಲೆ ಬರೆದ ಎಷ್ಟೋ ಭರವಸೆಗಳನ್ನು ಸುಳ್ಳು ಮಾಡುತ್ತದೆ.

ಮೊದಲ ಗೊಂದಲ: ಎರಡು ಬಗೆಯ ಎಪಾಕ್ಸಿ

ಎಪಾಕ್ಸಿ ಎಂದರೆ ರೆಸಿನ್ ಮತ್ತು ಹಾರ್ಡನರ್ ಎಂಬ ಎರಡು ದ್ರವ. ಬೆರೆಸಿದಾಗ ಅವು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಇದು ಬಣ್ಣದ ಹಾಗೆ ಒಣಗುವುದಲ್ಲ, ರಾಸಾಯನಿಕ ಕ್ರಿಯೆ. ಆ ಕ್ರಿಯೆಯಲ್ಲಿ ಶಾಖ ಹುಟ್ಟುತ್ತದೆ. ರಾಶಿ ದಪ್ಪವಾದಷ್ಟೂ ಶಾಖ ಹೊರಹೋಗಲು ದಾರಿ ಇರುವುದಿಲ್ಲ. ಒಳಗೇ ಸೇರಿದ ಶಾಖ ಕ್ರಿಯೆಯನ್ನು ಇನ್ನಷ್ಟು ಓಡಿಸುತ್ತದೆ. ಪದರದ ದಪ್ಪಕ್ಕೆ ಮಿತಿ ಇರುವುದು ಇದಕ್ಕೇ.

ಮಾರುಕಟ್ಟೆಯಲ್ಲಿ ಸಿಗುವ ಎಪಾಕ್ಸಿಗಳಲ್ಲಿ ಎರಡು ಜಾತಿ. ಒಂದು ಕೋಟಿಂಗ್ ರೆಸಿನ್, ಟೇಬಲ್ ಟಾಪ್ ಎಂದೂ ಹೆಸರು. ಇದು ಜೇನಿನಂತೆ ಮಂದ. ಬೆರೆಸಿದ ಮೇಲೆ 20ರಿಂದ 40 ನಿಮಿಷ ಕೈಗೆ ಬಗ್ಗುತ್ತದೆ, ಒಂದು ದಿನದಲ್ಲಿ ಗಟ್ಟಿಯಾಗುತ್ತದೆ. ಒಂದು ಪದರಕ್ಕೆ 3 ಮಿ.ಮೀ. ಸುರಕ್ಷಿತ ಮಿತಿ. ಇನ್ನೊಂದು ಕಾಸ್ಟಿಂಗ್ ರೆಸಿನ್, ಡೀಪ್ ಪೋರ್ ಎಂದೂ ಮಾರುತ್ತಾರೆ. ಇದು ಎಣ್ಣೆಯಂತೆ ತೆಳು, ಗಂಟೆಗಟ್ಟಲೆ ದ್ರವವಾಗಿಯೇ ಇರುತ್ತದೆ, ನಿಧಾನವಾಗಿ ಕಾಯುತ್ತದೆ, ಗಟ್ಟಿಯಾಗಲು ಮೂರು ದಿನ ಬೇಕು. ತಯಾರಕರ ಸೂಚನೆಯಂತೆ ಒಮ್ಮೆಗೆ 25ರಿಂದ 50 ಮಿ.ಮೀ. ಸುರಿಯಬಹುದು.

ಕೋಟಿಂಗ್ ರೆಸಿನ್ನನ್ನು ಆಳದ ಪಳ್ಳಕ್ಕೆ ಒಂದೇ ಸಲ ಸುರಿದರೆ ಏನಾಗುತ್ತದೆ ಎಂಬುದು ಹೆಚ್ಚಿನವರಿಗೆ ಗೊತ್ತು: ಕಾದು, ಹಳದಿಯಾಗಿ, ಬಿರುಕು ಬಿಟ್ಟು, ಅಂಚಿನಲ್ಲಿ ಮರದಿಂದ ಸೆಳೆದುಕೊಳ್ಳುತ್ತದೆ. 200 ಮಿ.ಲೀ. ಮಿಶ್ರಣವನ್ನು ಕಿರಿದಾದ ಲೋಟದಲ್ಲಿ ಮರೆತರೆ ಲೋಟವೇ ಕರಗಿ ಹೊಗೆ ಬರುವಷ್ಟು ಕಾಯಬಹುದು. ಉಳಿದದ್ದನ್ನು ಅಗಲದ ತಟ್ಟೆಗೆ ತೆಳ್ಳಗೆ ಹರಡಿಡಿ, ಹೊರಗೆ ಮರಳಿನ ಮೇಲಿಡಿ.

ಇದರ ಎದುರು ತಪ್ಪು ಅಷ್ಟು ಪ್ರಸಿದ್ಧವಲ್ಲ, ಆದರೆ ಕೆತ್ತನೆಯವರಿಗೆ ಅದೇ ಹೆಚ್ಚು ಕಾಟ ಕೊಡುತ್ತದೆ. ಕಾಸ್ಟಿಂಗ್ ರೆಸಿನ್ ತನ್ನದೇ ರಾಶಿಯ ಶಾಖವನ್ನು ನಂಬಿ ಗಟ್ಟಿಯಾಗುವಂಥದ್ದು. ಅದನ್ನು 2–3 ಮಿ.ಮೀ. ತೆಳುವಾಗಿ ಗದ್ದೆಯ ನೀರಿನಂತೆ ಹರಡಿದರೆ ಹುಟ್ಟಿದ ಶಾಖ ಒಳಗೆ ಉಳಿಯದು. ವಾರವಾದರೂ ಉಗುರಿನ ಗುರುತು ಮೂಡುವಷ್ಟು ಮೆತ್ತಗೆ ಉಳಿಯುತ್ತದೆ. ಆಗ ‘ಅಳತೆ ತಪ್ಪಿತು’ ಎಂದು ಮುಂದಿನ ಸಲ ಹಾರ್ಡನರ್ ಹೆಚ್ಚು ಹಾಕುವವರುಂಟು. ಅದರಿಂದ ಇನ್ನೂ ಕೆಡುತ್ತದೆ. ಹೆಚ್ಚಾದ ಹಾರ್ಡನರ್‌ಗೆ ಹೆಣೆದುಕೊಳ್ಳಲು ಜೊತೆ ಸಿಗದೆ ಅದು ಅಂಟಾಗಿಯೇ ಉಳಿಯುತ್ತದೆ.

ಹಾಗಾಗಿ ಲೆಕ್ಕ ಇಷ್ಟು. ನೀರು 6 ಮಿ.ಮೀ.ಗಿಂತ ಕಡಿಮೆ ಆಳವಿದ್ದರೆ ಕೋಟಿಂಗ್ ರೆಸಿನ್, ಎರಡು ಪದರ. 12 ಮಿ.ಮೀ.ಗಿಂತ ಹೆಚ್ಚಿದ್ದರೆ ಕಾಸ್ಟಿಂಗ್ ರೆಸಿನ್, ಒಂದೇ ಸುರಿತ. ನಡುವಿನದಕ್ಕೆ ಕೋಟಿಂಗ್ ರೆಸಿನ್ನನ್ನೇ ಮೂರು ನಾಲ್ಕು ಪದರವಾಗಿ ಹಾಕುವುದು ಮೇಲು. ಪದರದ ನಡುವೆ ತಾವರೆ ದಂಟು, ಮೀನು, ಬಿದ್ದ ಎಲೆ ಕೂರಿಸಿ ಆಳದ ಭ್ರಮೆ ಹುಟ್ಟಿಸಬಹುದು. ಒಂದೇ ಸುರಿತದಲ್ಲಿ ಇದು ಆಗದು. ಹಗುರವಾದದ್ದೆಲ್ಲ ಮೇಲೆ ತೇಲುತ್ತದೆ.

ಈ ಮಿತಿಗಳೆಲ್ಲ ಸಾಮಾನ್ಯವಾಗಿ 22–25 ಡಿಗ್ರಿ ಕೋಣೆಗೆ ಬರೆದದ್ದು. ಏಪ್ರಿಲ್‌ನಲ್ಲಿ ನಮ್ಮ ಜಗಲಿ 33–34 ಡಿಗ್ರಿ ಇರುತ್ತದೆ. ಸುಮಾರು 10 ಡಿಗ್ರಿ ಏರಿದರೆ ಕ್ರಿಯೆಯ ವೇಗ ಇಮ್ಮಡಿಯಾಗುತ್ತದೆ ಎಂಬುದು ಒಳ್ಳೆಯ ಅಂದಾಜು. ಬಾಟಲಿ 30 ನಿಮಿಷ ಎಂದರೆ ನೀವು 15 ಎಂದು ಓದಿಕೊಳ್ಳಿ. 50 ಮಿ.ಮೀ. ಎಂದಿದ್ದರೆ 25ಕ್ಕೆ ನಿಲ್ಲಿಸಿ.

ಉಳಿದ ಆಯ್ಕೆಗಳು

ಯುವಿ ರೆಸಿನ್‌ಗೆ ಬೆರೆಸುವ ಕೆಲಸವಿಲ್ಲ. 365ರಿಂದ 405 ನ್ಯಾನೋಮೀಟರ್ ದೀಪದಡಿ ನಿಮಿಷದೊಳಗೆ ಗಟ್ಟಿ. ಮಧ್ಯಾಹ್ನದ ಬಿಸಿಲಿಗೂ ಕೆಲ ನಿಮಿಷದಲ್ಲಿ ಕೂರುತ್ತದೆ, ಆಟಿ ತಿಂಗಳ (ಜುಲೈ–ಆಗಸ್ಟ್) ಮೋಡದಲ್ಲಿ ಮಾತ್ರ ದೀಪ ಬೇಕೇ ಬೇಕು. ಬೆಳಕು ತಲುಪಿದಲ್ಲಿ ಮಾತ್ರ ಗಟ್ಟಿಯಾಗುವುದರಿಂದ ಒಂದು ಸಲಕ್ಕೆ 1–2 ಮಿ.ಮೀ. ಮೀರಬಾರದು. ಕಲ್ಲಿನ ಅಡಿ, ದೋಣಿಯ ನೆರಳು, ಗಾಢ ಬಣ್ಣ ಬೆರೆಸಿದ ಭಾಗ ಹಸಿಯಾಗಿಯೇ ಉಳಿದು ತಿಂಗಳ ನಂತರ ಜಿನುಗುತ್ತದೆ. ಎಪಾಕ್ಸಿಗಿಂತ ಹೆಚ್ಚು ಕುಗ್ಗುತ್ತದೆ. ತೆಳು ಹಲಗೆಯ ಮೇಲೆ ಅಗಲವಾಗಿ ಹರಡಿದರೆ ಹಲಗೆಯನ್ನೇ ಎಳೆದು ಸೊಟ್ಟ ಮಾಡಬಹುದು. ಮಿಲಿಲೀಟರ್ ಲೆಕ್ಕದಲ್ಲಿ ಇದರ ಬೆಲೆಯೇ ಹೆಚ್ಚು. ಹನಿ, ತೊಟ್ಟಿಕ್ಕುವ ನೀರು, ದಂಬೆಯ (ಸೀಳಿದ ಅಡಿಕೆ ಮರದ ನೀರಿನ ಕಾಲುವೆಯ) ತುದಿಯಿಂದ ಬೀಳುವ ಧಾರೆ: ಇದರ ಜಾಗ ಇಲ್ಲಿ. ಇಲ್ಲಿ ಇದಕ್ಕೆ ಸಾಟಿಯಾದದ್ದು ಇನ್ನೊಂದಿಲ್ಲ.

ಅಕ್ರಿಲಿಕ್ ಗ್ಲಾಸ್ ಜೆಲ್ (ಹೊಳಪಿನ ಜೆಲ್) ಚಿತ್ರಕಲೆಯ ಸಾಮಾನಿನ ಅಂಗಡಿಯದು. ಹಚ್ಚುವಾಗ ಹಾಲಿನಂತೆ ಬಿಳಿ, ಒಣಗಿದಾಗ ಪಾರದರ್ಶಕ. ಎಳೆದ ಹಾಗೆ ನಿಲ್ಲುತ್ತದೆ, ಹರಿಯುವುದಿಲ್ಲ. ಹಾಗಾಗಿ ಅಲೆ, ಸುಳಿ, ನೊರೆ, ಕಟ್ಟದ (ತೋಡಿಗೆ ಅಡ್ಡ ಹಾಕಿದ ಒಡ್ಡಿನ) ಮೇಲಿಂದ ಇಳಿಯುವ ನೀರಿನ ಹಾಳೆ ಇದರ ಕೆಲಸ. ನೀರಿನಂಶ ಹೋಗಿಯೇ ಒಣಗುವುದರಿಂದ ಚೆನ್ನಾಗಿ ಕುಗ್ಗುತ್ತದೆ. 3 ಮಿ.ಮೀ. ದಪ್ಪ ಹಾಕಿದರೆ ಮೇಲೆ ಕೆನೆ ಕಟ್ಟಿ ಒಳಗೆ ಬಿಳಿಯೇ ಉಳಿಯುತ್ತದೆ, ಮಳೆಗಾಲದಲ್ಲಂತೂ ವಾರಗಳವರೆಗೆ. 1 ಮಿ.ಮೀ. ಪದರ, ನಡುವೆ ಒಂದು ದಿನ: ಇದಕ್ಕಿಂತ ಅವಸರ ಬೇಡ.

ಪಾಲಿಯೆಸ್ಟರ್ ರೆಸಿನ್ ಫೈಬರ್ ದೋಣಿಯ ಕೆಲಸದವರ ಬಳಿ ಸುಲಭವಾಗಿ, ಅಗ್ಗವಾಗಿ ಸಿಗುತ್ತದೆ. ಕೆತ್ತನೆಗೆ ಬೇಡ. ನೂರಕ್ಕೆ 5ರಿಂದ 8ರಷ್ಟು ಕುಗ್ಗುತ್ತದೆ, ಅಂಚು ಬಿಡುತ್ತದೆ, ಗಾಳಿ ತಾಗುವ ಮೇಲ್ಮೈ ಅಂಟಾಗಿಯೇ ಇರುತ್ತದೆ. ಸ್ಟೈರೀನ್‌ನ ವಾಸನೆ ಮನೆಯೊಳಗೆ ತಡೆಯಲಾಗದು, ಅದರ ಹಾರ್ಡನರ್ ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ.

ಅಂಟಿಗೆ ಬಳಸುವ ಅರಾಲ್ಡೈಟ್ ಕೂಡ ಎಪಾಕ್ಸಿಯೇ ಎಂದು ಅದನ್ನೇ ನೀರಾಗಿ ಹಚ್ಚುವವರಿದ್ದಾರೆ. ಅದು ಅಂಟಿಸಲೆಂದೇ ಮಾಡಿದ್ದು: ಮಂದ, ಹಳದಿ ಛಾಯೆ, ಬೆರೆಸುವಾಗ ಸೇರಿದ ಗುಳ್ಳೆ ಹೊರಬರುವುದಿಲ್ಲ. ಬಂಡೆಯನ್ನು ಹಲಗೆಗೆ ಕೂರಿಸಲು ಇಟ್ಟುಕೊಳ್ಳಿ. ಫೆವಿಕಾಲ್‌ನ ಬಿಳಿ ಅಂಟೂ ಹಾಗೆಯೇ. ದಪ್ಪಕ್ಕೆ ಹಾಕಿದರೆ ಮಬ್ಬು, ಮಳೆಗಾಲದಲ್ಲಿ ಮತ್ತೆ ಬೆಳ್ಳಗೆ.

ಮತ್ತೊಂದು ಆಯ್ಕೆಯನ್ನು ಎಲ್ಲರೂ ಮರೆಯುತ್ತಾರೆ. ನೀರನ್ನೇ ಮರದಲ್ಲಿ ಕೆತ್ತುವುದು. ಬೇಕಲದ ಕೋಟೆಯ ಬುಡಕ್ಕೆ ಅಪ್ಪಳಿಸುವ ಕಡಲು, ದೋಣಿಯನ್ನು ಎತ್ತಿ ಹಿಡಿದ ಅಲೆ – ಇಂಥದ್ದಕ್ಕೆ ಎಪಾಕ್ಸಿ ಸುರಿಯುವುದು ಕೆಲಸ ಕೆಡಿಸಿದಂತೆ. ಎಪಾಕ್ಸಿ ತಾನಾಗಿ ಸಮತಟ್ಟಾಗುವ ದ್ರವ. ಕೆತ್ತಿದ ಅಲೆಯ ನೆತ್ತಿಯಿಂದ ಜಾರಿ ತಗ್ಗಿನಲ್ಲಿ ಕೂತು, ಉಳಿಯ ಚೂಪನ್ನೆಲ್ಲ ಮೊಂಡು ಮಾಡುತ್ತದೆ. ಅಲೆಯನ್ನು ಮರದಲ್ಲೇ ಕೆತ್ತಿ, ಅಕ್ರಿಲಿಕ್ ಬಣ್ಣ ತೆಳುವಾಗಿ ಬಳಿದು, ಪಿಯು ಗ್ಲಾಸ್ ಕ್ಲಿಯರ್ (ಹೊಳಪಿನ ಪಾಲಿಯುರೆಥೇನ್ ವಾರ್ನಿಷ್) ನಾಲ್ಕರಿಂದ ಆರು ಕೈ ಹೊಡೆಯಿರಿ. ನೆತ್ತಿಯ ನೊರೆಗೆ ಮಾತ್ರ ಜೆಲ್. ಒಂದು ಇಂಚಿಗಿಂತ ಎತ್ತರದ ಅಲೆಗೆ ಇದಕ್ಕಿಂತ ನಂಬಿಕೆಯ ದಾರಿ ಇಲ್ಲ.

ಯಾವ ದೃಶ್ಯಕ್ಕೆ ಯಾವುದು

ಅನಂತಪುರದ ಕೆರೆಯಂಥ ನಿಂತ ನೀರು, ನಡುವೆ ಗುಡಿ, ಅಂಚಿಗೆ ಮೈಚೆಲ್ಲಿದ ಮೊಸಳೆ. ಆ ಕೆರೆಯ ಮೊಸಳೆ ಬಬಿಯಾ 2022ರ ಅಕ್ಟೋಬರ್‌ನಲ್ಲಿ ಸತ್ತ ಮೇಲೆ ಅದನ್ನು ಮರದಲ್ಲಿ ನೋಡುವ ಆಸೆ ಯಾರಿಗಾದರೂ ಬರುವಂಥದ್ದೇ. ಇಲ್ಲಿ ಕಾಸ್ಟಿಂಗ್ ರೆಸಿನ್. ಅರ್ಧ ಮುಳುಗಿದ ಮೊಸಳೆಯನ್ನು ನೀರಿನ ಮಟ್ಟಕ್ಕೆ ಕತ್ತರಿಸಿ ಮೇಲೆ ಅಂಟಿಸಬೇಡಿ, ಬದಿಯಿಂದ ನೋಡಿದ ಕೂಡಲೇ ಗುಟ್ಟು ಬಯಲಾಗುತ್ತದೆ. ಹೊಟ್ಟೆ, ಬಾಲ ಎಲ್ಲ ಪೂರ್ತಿ ಕೆತ್ತಿ, ಬಣ್ಣ ಹಚ್ಚಿ, ಎರಡು ಕೈ ಸೀಲರ್ (ಮರದ ರಂಧ್ರ ಮುಚ್ಚುವ ಲೇಪ) ಕೊಟ್ಟು, ತಳಕ್ಕೆ ಸಣ್ಣ ಮೊಳೆಯಿಂದ ಬಿಗಿದು, ಆಮೇಲೆ ಸುರಿಯಿರಿ. ಬಿಗಿಯದಿದ್ದರೆ ಮರ ತೇಲುತ್ತದೆ.

ಏತಡ್ಕದ ತೋಡುಗಳಲ್ಲಿ ಕಾಣುವಂಥ ಕಟ್ಟವಾದರೆ ಎರಡು ಬಗೆ ಸೇರಬೇಕು. ಕಟ್ಟದ ಹಿಂದೆ ತುಂಬಿ ನಿಂತ ನೀರಿಗೆ ಎಪಾಕ್ಸಿ. ಮೇಲಿಂದ ಉಕ್ಕಿ ಇಳಿಯುವ ನೀರಿಗೆ ಜೆಲ್: ದಪ್ಪ ಪಾಲಿಥಿನ್ ಹಾಳೆಯ ಮೇಲೆ ಉದ್ದುದ್ದ ಎಳೆಗಳಾಗಿ 1 ಮಿ.ಮೀ. ಎಳೆದು, ಒಣಗಿದ ಮೇಲೆ ಇನ್ನೊಂದು ಕೈ ಎಳೆದು, ಪೂರ್ತಿ ಪಾರದರ್ಶಕವಾದಾಗ ಹಾಳೆಯಿಂದ ಸುಲಿದು ಕಟ್ಟದ ಅಂಚಿಗೆ ಜೆಲ್‌ನಿಂದಲೇ ಅಂಟಿಸಿ. ಬಿಳಿ ಬಣ್ಣ ಬೀಳುವ ಬುಡದಲ್ಲಿ ಮಾತ್ರ, ಒಣ ಬ್ರಷ್‌ನಿಂದ. ಮೇಲಿಂದ ಕೆಳಗಿನವರೆಗೆ ಬಿಳಿ ಬಳಿದರೆ ಹತ್ತಿಯ ಹಾಗೆ ಕಾಣುತ್ತದೆ.

ಆಟಿಯ ಪಯಸ್ವಿನಿ ಹೊಳೆ ಪಾರದರ್ಶಕವಲ್ಲ, ಕೆಂಪು ಮಣ್ಣಿನ ನೀರು. ಇಲ್ಲಿ ಆಳ ಕೆತ್ತುವುದೇ ವ್ಯರ್ಥ. 3 ಮಿ.ಮೀ. ಕೋಟಿಂಗ್ ರೆಸಿನ್‌ಗೆ ಕಾವಿ ಬಣ್ಣದ ಪಿಗ್‌ಮೆಂಟ್ ಬೆರೆಸಿ ತೆಳ್ಳಗೆ ಹರಡಿ, ಹರಿವಿನ ಗೆರೆಗಳನ್ನು ಮೇಲೆ ಜೆಲ್‌ನಲ್ಲಿ ಎಳೆಯಿರಿ.

ಹತ್ತಿರದಿಂದ: ಸುರಂಗದ ಮುಂದಿನ ಪಳ್ಳ

ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಯ ಸುರಂಗದ ದೃಶ್ಯ ತೆಗೆದುಕೊಳ್ಳೋಣ. ಮುರಕಲ್ಲು ಕೊರೆದ ಬಾಯಿ, ಒಳಗಿನಿಂದ ಅಡಿಕೆ ದಂಬೆಯಲ್ಲಿ ಬರುವ ನೀರು, ಎದುರು ಪಳ್ಳ. ಪಳ್ಳದ ಅಳತೆ 14 ಸೆಂ.ಮೀ. ಉದ್ದ, 9 ಸೆಂ.ಮೀ. ಅಗಲ, 15 ಮಿ.ಮೀ. ಆಳ. 14 × 9 × 1.5 ಅಂದರೆ 189 ಘನ ಸೆಂ.ಮೀ., ಅಷ್ಟೇ ಮಿಲಿಲೀಟರ್. ಲೋಟಕ್ಕೆ ಅಂಟಿ ಹೋಗುವುದಕ್ಕೆ ನೂರಕ್ಕೆ ಹತ್ತು ಸೇರಿಸಿದರೆ ಸುಮಾರು 208 ಮಿ.ಲೀ. ಪಳ್ಳದ ಆಕಾರ ಅಂಕುಡೊಂಕಾದರೆ ಸೀಲ್ ಮಾಡಿದ ಮೇಲೆ ಸಾಸಿವೆ ತುಂಬಿ, ಅಂಚಿಗೆ ಸವರಿ, ಅದನ್ನು ಅಳತೆಯ ಲೋಟಕ್ಕೆ ಸುರಿದು ನೋಡಿ. ನೀರು ಹಾಕಿ ಅಳೆಯಬೇಡಿ. ಸೋರುತ್ತದೆಯೇ ಎಂದು ನೀರು ಹಾಕಿ ನೋಡುವುದೂ ಬೇಡ. ಸಂದಿಗೆ ಇಳಿದ ಆ ನೀರು ವಾರವಾದರೂ ಆರದು.

ಆಳ 15 ಮಿ.ಮೀ. ಆದ್ದರಿಂದ ಕಾಸ್ಟಿಂಗ್ ರೆಸಿನ್. ಮೊದಲು ಮರದ ಸ್ಥಿತಿ. ತೇವ ಅಳೆಯುವ ಮೀಟರ್‌ನಲ್ಲಿ ನೂರಕ್ಕೆ 12ರ ಆಸುಪಾಸಿನಲ್ಲಿರಬೇಕು. ಮಳೆಗಾಲದ ಜಗಲಿಯಲ್ಲಿಟ್ಟ ಮರ 16–18ಕ್ಕೆ ಏರುವುದು ಇಲ್ಲಿ ಸಾಮಾನ್ಯ. ಹಾಗೆ ಉಬ್ಬಿದ ಮರಕ್ಕೆ ರೆಸಿನ್ ತುಂಬಿದರೆ ಮಾರ್ಚ್‌ನಲ್ಲಿ ಮರ ಕುಗ್ಗುತ್ತದೆ, ರೆಸಿನ್ ಕುಗ್ಗುವುದಿಲ್ಲ. ಪಳ್ಳದ ಮೂಲೆಯಿಂದ ಮರ ಸೀಳುತ್ತದೆ. ತೀರ ಒಣಗಿಸಿ ತುಂಬಿದರೆ ಇದಕ್ಕೆ ತಿರುಗುಮುರುಗು: ಜುಲೈಯಲ್ಲಿ ಮರ ಹಿಗ್ಗುವಾಗ ಪಳ್ಳದ ಬಾಯಿಯೂ ಹಿಗ್ಗಿ, ಅಂಚಿನಲ್ಲಿ ಬೆಳ್ಳಿಯ ಎಳೆಯಂಥ ಬಿರುಕು ಕಾಣಿಸುತ್ತದೆ. ಅದಕ್ಕೇ ನಡುವಿನ ಅಂಕೆ. ಸೀಲರ್ ಪಳ್ಳದ ಒಳಗೆ ಮಾತ್ರವಲ್ಲ, ಹಲಗೆಯ ಬೆನ್ನಿಗೂ ತಲೆಕಟ್ಟಿಗೂ (ನಾರು ಕಡಿದ ತುದಿಗಳಿಗೂ) ಬೇಕು. ಒಂದು ಮುಖ ಬಿಟ್ಟರೂ ತೇವಕ್ಕೆ ಬಾಗಿಲು ತೆರೆದಿಟ್ಟಂತೆ. ನೀರಿನ ಭಾಗ ನಾರಿಗೆ ಅಡ್ಡವಾಗಿ 20 ಸೆಂ.ಮೀ. ಮೀರುವುದಾದರೆ ತಳಕ್ಕೆ ಮರೈನ್ ಪ್ಲೈವುಡ್ ಹಾಕಿ, ಕೆತ್ತಿದ ದಂಡೆಯನ್ನು ಅದರ ಮೇಲೆ ಕೂರಿಸುವುದೇ ಸರಿ. ಪ್ಲೈವುಡ್ ಅಷ್ಟು ಅಲುಗಾಡುವುದಿಲ್ಲ.

ಹಲಸು, ಹೆಬ್ಬಲಸು, ರಬ್ಬರ್ ಮರ ಎಪಾಕ್ಸಿಯನ್ನು ಚೆನ್ನಾಗಿ ಹಿಡಿಯುತ್ತವೆ. ಸಾಗುವಾನಿಯಲ್ಲಿ ಎಣ್ಣೆಯಿದೆ: ಅಸಿಟೋನ್ ಬಟ್ಟೆಯಿಂದ ಒರಸಿ, ಎಣ್ಣೆ ಮತ್ತೆ ಮೇಲೇಳುವ ಮೊದಲು, ಗಂಟೆಯೊಳಗೆ ಮೊದಲ ಕೈ ಹಚ್ಚಿ. ಅಗಸೆ ಎಣ್ಣೆ ಅಥವಾ ಮೇಣ ಹಚ್ಚಿದ ಜಾಗಕ್ಕೆ ರೆಸಿನ್ ಕಚ್ಚದು. ಹಾಗಾಗಿ ಪಾಲಿಷ್ ಕೆಲಸ ನೀರಿನ ನಂತರ. ಎಪಾಕ್ಸಿ ತಾಗಿದ ಮರ ಒದ್ದೆಯಾದಂತೆ ಗಾಢವಾಗುತ್ತದೆ, ಆ ಬಣ್ಣ ನಿಮಗೆ ಒಪ್ಪಿಗೆಯೇ ಎಂದು ಅದೇ ಮರದ ತುಂಡಿನ ಮೇಲೆ ನೋಡಿಕೊಳ್ಳಿ.

ಮುಂದಿನದು ತಳದ ಬಣ್ಣ. ನೀರು ನೀರಾಗಿ ಕಾಣುವುದು ರೆಸಿನ್‌ನಿಂದಲ್ಲ, ತಳದಿಂದ. ನೀಲಿ ಬಳಿದರೆ ಈಜುಕೊಳವಾಗುತ್ತದೆ. ಪಳ್ಳದ ಅಂಚಿಗೆ ಮುರಕಲ್ಲಿನ ಕಾವಿ, ಒಳಗೆ ಬಂದಂತೆ ಕಂದು, ಅತಿ ಆಳದಲ್ಲಿ ಪಾಚಿಹಸಿರು ಬೆರೆತ ಕಪ್ಪು. ಬಣ್ಣದಿಂದ ಬಣ್ಣಕ್ಕೆ ಗೆರೆ ಕಾಣದಂತೆ ಒದ್ದೆ ಬ್ರಷ್‌ನಲ್ಲಿ ಬೆರೆಸಿ. ಮುರಕಲ್ಲಿನ ಪುಡಿಯನ್ನೇ ಜರಡಿ ಹಿಡಿದು ಅಂಟಿನ ಮೇಲೆ ಉದುರಿಸಿದರೆ ಬಣ್ಣಕ್ಕಿಂತ ನಿಜ. ಎರಡು ದಿನ ಒಣಗಲಿ.

ಆಮೇಲೆ ಸೀಲ್. ಕೋಟಿಂಗ್ ರೆಸಿನ್ ಸುಮಾರು 15 ಮಿ.ಲೀ. ಬೆರೆಸಿ – ಇಷ್ಟು ಕಡಿಮೆಗೆ ಸಿರಿಂಜ್‌ನಲ್ಲೇ ಅಳೆಯಬೇಕು – ತಳ, ಗೋಡೆ, ಮೂಲೆಗಳಿಗೆಲ್ಲ ಬ್ರಷ್‌ನಿಂದ ತೆಳ್ಳಗೆ ಹಚ್ಚಿ. ಇದಕ್ಕೆ ಎರಡು ಕೆಲಸ. ಮರದ ರಂಧ್ರದಲ್ಲಿರುವ ಗಾಳಿ ಮೇಲಕ್ಕೆ ಗುಳ್ಳೆಯಾಗಿ ಬರದಂತೆ ತಡೆಯುವುದು ಒಂದು. ಸೂಜಿಮೊನೆಯಷ್ಟು ತೂತನ್ನೂ ಮುಚ್ಚುವುದು ಇನ್ನೊಂದು. ಕಾಸ್ಟಿಂಗ್ ರೆಸಿನ್ ಎಣ್ಣೆಯಂತೆ ತೆಳು, ರಾತ್ರಿಯಿಡೀ ದ್ರವ; ತೂತು ಇದ್ದರೆ ಬೆಳಿಗ್ಗೆ ಅರ್ಧ ಪಳ್ಳ ಮೇಜಿನ ಮೇಲಿರುತ್ತದೆ. ಹಲಗೆಯ ಒಂದು ಬದಿ ತೆರೆದಿದ್ದರೆ ಅಕ್ರಿಲಿಕ್ ಹಾಳೆಗೆ ಪ್ಯಾಕಿಂಗ್ ಟೇಪ್ ಸುತ್ತಿ ಒಡ್ಡು ಕಟ್ಟಿ, ಹೊರಗಿನಿಂದ ಬಿಸಿ ಅಂಟು ಎಳೆಯಿರಿ. ಟೇಪ್‌ನ ನುಣುಪು ಮೈಗೆ ಎಪಾಕ್ಸಿ ಹಿಡಿಯದು, ಮೂರು ದಿನದ ನಂತರ ಒಡ್ಡು ಸಲೀಸಾಗಿ ಕಳಚುತ್ತದೆ.

ಅಳತೆಯಲ್ಲಿ ಎಡವುವುದು ಒಂದೇ ಕಡೆ. 2:1 ಎಂದು ಬರೆದದ್ದು ಗಾತ್ರವೋ ತೂಕವೋ? ರೆಸಿನ್ ಹಾರ್ಡನರ್‌ಗಿಂತ ಭಾರ. ಗಾತ್ರದಲ್ಲಿ 2:1 ಇರುವುದು ತೂಕದಲ್ಲಿ ಬಹುತೇಕ 100ಕ್ಕೆ 43–45 ಆಗುತ್ತದೆ, 50 ಅಲ್ಲ. ಗಾತ್ರದ ಅಂಕೆಯನ್ನು ತಕ್ಕಡಿಗೆ ಹಾಕಿದರೆ ಹಾರ್ಡನರ್ ಹೆಚ್ಚಾಗಿ ಮೆತ್ತಗಿನ ನೀರು ಸಿಗುತ್ತದೆ. ಲೇಬಲ್‌ನಲ್ಲಿ ತೂಕದ ಅಂಕೆ ಬೇರೆಯಾಗಿ ಇದ್ದರೆ ಮಾತ್ರ ತಕ್ಕಡಿ ಬಳಸಿ. ನಮ್ಮ 208 ಮಿ.ಲೀ.ಗೆ ಗಾತ್ರದ ಲೆಕ್ಕದಲ್ಲಿ 139 ರೆಸಿನ್, 69 ಹಾರ್ಡನರ್.

ನಿಧಾನವಾಗಿ ಐದು ನಿಮಿಷ ಕಲಸಿ, ಬದಿ ಮತ್ತು ತಳ ಕೆರೆಯುತ್ತ. ಆಮೇಲೆ ಇನ್ನೊಂದು ಶುದ್ಧ ಲೋಟಕ್ಕೆ ಸುರಿದು ಮತ್ತೊಂದು ನಿಮಿಷ. ಮೊದಲ ಲೋಟದ ಗೋಡೆಗೆ ಅಂಟಿದ ಬೆರೆಯದ ರೆಸಿನ್ನನ್ನು ಕೆರೆದು ಪಳ್ಳಕ್ಕೆ ಬಳಿದರೆ ಆ ಜಾಗ ಯಾವತ್ತೂ ಗಟ್ಟಿಯಾಗದು. ಛಾಯೆ ಬೇಕಾದರೆ ಆಲ್ಕೋಹಾಲ್ ಇಂಕ್ ಅಥವಾ ರೆಸಿನ್ ಡೈ, 100 ಮಿ.ಲೀ.ಗೆ ಒಂದೇ ಹನಿ, ಹಸಿರಿಗೆ ಕಂದು ಸೇರಿಸಿ. ಲೋಟದಲ್ಲಿ ‘ಸಾಕಾಗಲಿಲ್ಲ’ ಅನ್ನಿಸುವಷ್ಟೇ ಸಾಕು. ಯಾವ ಬಣ್ಣವೂ ಒಟ್ಟು ತೂಕದ ನೂರಕ್ಕೆ ಎರಡು ಮೀರಬಾರದು. ಹೊಳಪಿನ ಮೈಕಾ ಪುಡಿ ನೀರಿಗೆ ಬೇಡ.

ಸುರಿಯಲು ಒಳ್ಳೆಯ ಹೊತ್ತು ಸಂಜೆ ನಾಲ್ಕರ ನಂತರ. ಬೆಳಿಗ್ಗೆ ಸುರಿದರೆ ಹಗಲು ಏರಿದಂತೆ ಮರದೊಳಗಿನ ಗಾಳಿ ಹಿಗ್ಗಿ ಗುಳ್ಳೆಯಾಗಿ ಹೊರಬರುತ್ತದೆ. ಸಂಜೆ ಮರ ತಣಿಯುತ್ತ ಗಾಳಿಯನ್ನು ಒಳಗೇ ಎಳೆದುಕೊಳ್ಳುತ್ತದೆ. ನೀರುಮಟ್ಟದ ಗುಳ್ಳೆ ನೋಡಿ ಹಲಗೆಯನ್ನು ಸಮ ಮಾಡಿ, ಲೋಟವನ್ನು ತಗ್ಗಿನಲ್ಲಿ ಹಿಡಿದು ಒಂದೇ ಮೂಲೆಯಿಂದ ಸಣ್ಣ ಧಾರೆಯಾಗಿ ಬಿಡಿ. ಹತ್ತು ನಿಮಿಷ ಬಿಟ್ಟು ಹೀಟ್ ಗನ್ ಅನ್ನು 15–20 ಸೆಂ.ಮೀ. ಮೇಲಿನಿಂದ ಒಮ್ಮೆ ಸುಮ್ಮನೆ ಆಡಿಸಿದರೆ ಮೇಲಿನ ಗುಳ್ಳೆ ಒಡೆಯುತ್ತವೆ. ಹೇರ್ ಡ್ರೈಯರ್ ಧೂಳನ್ನು ತಂದು ಕೂರಿಸುತ್ತದೆ, ಬೆಂಕಿಯ ಜ್ವಾಲೆ ಕೆತ್ತನೆಯ ತೆಳು ಅಂಚನ್ನು ಸುಡುತ್ತದೆ. ತಕ್ಷಣ ಮೇಲೆ ಪೆಟ್ಟಿಗೆ ಕವುಚಿ. ಸಂಜೆ ದೀಪಕ್ಕೆ ಬರುವ ಹಾತೆಗಳಿಗೆ ಹಸಿ ರೆಸಿನ್ ಎಂದರೆ ಪ್ರಾಣ.

ಇನ್ನು ದಂಬೆಯ ಧಾರೆ. ಪಳ್ಳ ಪೂರ್ತಿ ಗಟ್ಟಿಯಾದ ಮೇಲೆ, ನಾಲ್ಕನೆಯ ದಿನ, 0.3 ಮಿ.ಮೀ. ನೈಲಾನ್ ಗಾಳದ ದಾರವನ್ನು ದಂಬೆಯ ತುದಿಯಿಂದ ನೀರಿನ ಮೇಲ್ಮೈವರೆಗೆ ಕೊಂಚ ಬಾಗಿಸಿ ಕಟ್ಟಿ. ಬಾಗು ಮುಖ್ಯ, ದಂಬೆಯಿಂದ ನೀರು ನೆಟ್ಟಗೆ ಬೀಳುವುದಿಲ್ಲ, ಮುಂದಕ್ಕೆ ಚಿಮ್ಮಿ ಇಳಿಯುತ್ತದೆ. ಹಿಡಿಸೂಡಿ ಕಡ್ಡಿಯ ತುದಿಯಲ್ಲಿ ಯುವಿ ರೆಸಿನ್ ಅದ್ದಿ ದಾರದ ಮೇಲೆ ಮೇಲಿಂದ ಕೆಳಕ್ಕೆ ಎಳೆದು, ಅದು ಹನಿಗಟ್ಟುವ ಮೊದಲೇ ದೀಪ ಹಿಡಿಯಿರಿ, 30 ಸೆಕೆಂಡು. ಹೀಗೆ ಮೂರು ನಾಲ್ಕು ಸಲ. ದಂಬೆಯ ಬಳಿ ಚಪ್ಪಟೆ ಅಗಲ, ಕೆಳಗೆ ಬಂದಂತೆ ಸಣ್ಣ, ಕೊನೆಯಲ್ಲಿ ಒಂದೆರಡು ಕಡೆ ಗಂಟು – ನಿಜವಾದ ಧಾರೆ ಕೆಳಗೆ ಹನಿಯಾಗಿ ಒಡೆಯುವ ಜಾಗ ಅದು. ಬಿದ್ದಲ್ಲಿ ಎದ್ದ ಅಲೆಗೆ ಜೆಲ್: ಕಡ್ಡಿಯ ತುದಿಯಿಂದಲೇ ಮೂರು ಉಂಗುರ, ಮೊದಲನೆಯದು ಧಾರೆಯಿಂದ 4 ಮಿ.ಮೀ.ಗೆ, ಎರಡನೆಯದು 10ಕ್ಕೆ, ಮೂರನೆಯದು 19ಕ್ಕೆ. ಹೊರಗೆ ಹೋದಂತೆ ತಗ್ಗಾಗಬೇಕು, ಒಂದೂ 1 ಮಿ.ಮೀ. ಎತ್ತರ ಮೀರಬಾರದು. ಅಲೆ ದೊಡ್ಡದಾದರೆ ಪಳ್ಳ ಸಣ್ಣದಾಗಿ ಕಾಣುತ್ತದೆ.

ಕೆಡುವುದು, ಸರಿಮಾಡುವುದು

ಬೆಳಿಗ್ಗೆ ನೋಡುವಾಗ ಮೇಲ್ಮೈ ಬೂದಿ ಬಳಿದಂತೆ ಮಬ್ಬು, ಮುಟ್ಟಿದರೆ ಸಾಬೂನಿನಂತೆ ಜಾರುತ್ತದೆ: ಇದು ಮಳೆಗಾಲದ ದೋಷ. ಹಾರ್ಡನರ್‌ನಲ್ಲಿರುವ ಅಮೈನ್ ಎಂಬ ರಾಸಾಯನಿಕ ಗಾಳಿಯ ತೇವ ಮತ್ತು ಇಂಗಾಲದ ಡೈ ಆಕ್ಸೈಡ್ ಜೊತೆ ಸೇರಿ ಹುಟ್ಟಿದ ಪೊರೆ. ಹಾಗೇ ಮುಂದಿನ ಪದರ ಹಾಕಿದರೆ ಅದು ಸಿಪ್ಪೆಯಂತೆ ಏಳುತ್ತದೆ. ಥಿನ್ನರ್ ಹಚ್ಚಬೇಡಿ. ಉಗುರುಬೆಚ್ಚಗಿನ ನೀರಿನ ಬಟ್ಟೆಯಿಂದ ಒರಸಿ, ಸ್ಕ್ರಬ್ ಪ್ಯಾಡ್‌ನಲ್ಲಿ ಮೆಲ್ಲಗೆ ಉಜ್ಜಿ, ಒಣಗಿಸಿ, 220 ನಂಬ್ರದ ಮರಳು ಕಾಗದ ಹಾಕಿ, ಆಮೇಲೆ ಹೊಸ ತೆಳು ಪದರ. ಬಾರದಂತೆ ನೋಡಿಕೊಳ್ಳಲು ಎಸಿ ಕೋಣೆ ಒಳ್ಳೆಯದು. ಅದಿಲ್ಲದಿದ್ದರೆ ಕವುಚುವ ಪೆಟ್ಟಿಗೆಯೊಳಗೆ ಹಳೆಯ 60 ವ್ಯಾಟ್ ಬಲ್ಬ್ ಒಂದನ್ನು ರಟ್ಟಿಗೆ ತಾಗದಂತೆ, ರೆಸಿನ್‌ನಿಂದ ದೂರವಾಗಿ ಉರಿಸಿ, ಸುರಿಯುವ ಮೊದಲೇ ಎರಡು ಗಂಟೆ ಬೆಚ್ಚಗಿಡಿ. ಗಾಳಿ ಬಿಸಿಯಾದರೆ ಅದರ ಸಾಪೇಕ್ಷ ಆರ್ದ್ರತೆ ಇಳಿಯುತ್ತದೆ. ಹಾರ್ಡನರ್ ಬಾಟಲಿಯ ಮುಚ್ಚಳ ಬಿಗಿಯಾಗಿರಲಿ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಕೆತ್ತನೆ ಮಳೆಗಾಲದಲ್ಲಿ, ನೀರು ತುಂಬುವುದು ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ. ತುಲಾ ತಿಂಗಳ (ಅಕ್ಟೋಬರ್–ನವೆಂಬರ್) ಗುಡುಗು ಮಳೆಯೂ ಮುಗಿದಿರಲಿ.

ಬಂಡೆ, ಕಂಬ, ಹುಲ್ಲಿನ ಸುತ್ತ ರೆಸಿನ್ 1–2 ಮಿ.ಮೀ. ಮೇಲಕ್ಕೆ ಹತ್ತುತ್ತದೆ. ಸಣ್ಣ ಅಳತೆಯ ದೃಶ್ಯದಲ್ಲಿ ಇದು ಕಣ್ಣಿಗೆ ಹೊಡೆಯುತ್ತದೆ. ರಬ್ಬರ್‌ನಂತಿರುವ ಹೊತ್ತಿಗೆ ಚೂಪು ಬ್ಲೇಡಿನಿಂದ ಹೆರೆದು ತೆಗೆಯಬಹುದು. ಕೋಟಿಂಗ್ ರೆಸಿನ್‌ನಲ್ಲಿ ಅದು ಆರೆಂಟು ಗಂಟೆಗೆ, ಕಾಸ್ಟಿಂಗ್‌ನಲ್ಲಿ ಎರಡನೆಯ ದಿನ. ಗಟ್ಟಿಯಾಗಿ ಹೋಗಿದ್ದರೆ ಆ ಅಂಚಿಗೆ ಮಾತ್ರ ಮ್ಯಾಟ್ ವಾರ್ನಿಷ್ ಮುಟ್ಟಿಸಿ: ಹೊಳಪು ಹೋದರೆ ಒದ್ದೆ ಕಲ್ಲಿನಂತೆ ಕಾಣುತ್ತದೆ.

ಧೂಳು ಬಿದ್ದ ಮೇಲ್ಮೈಯನ್ನು ಏಳು ದಿನದ ನಂತರ 400, 800, 1500, 2000 ಎಂದು ನೀರು ಹಾಕಿ ಉಜ್ಜಿ ಪಾಲಿಷ್ ಮಾಡಬಹುದು. ಪಳ್ಳದ ನಡುವೆ ದಂಬೆ, ಕಂಬ ಇದ್ದರೆ ಅದು ಸಾಧ್ಯವಿಲ್ಲ, 1 ಮಿ.ಮೀ. ಕೋಟಿಂಗ್ ಪದರವೇ ದಾರಿ.

ಕೈಗೆ ನೈಟ್ರೈಲ್ ಗ್ಲೌಸ್ ಹಾಕಿ. ಎಪಾಕ್ಸಿ ಅಲರ್ಜಿ ಸಾಮಾನ್ಯವಾಗಿ ಮೊದಲ ದಿನ ಬರುವುದಿಲ್ಲ, ತಾಗಿ ತಾಗಿ ಒಂದು ದಿನ ತುರಿಕೆಯಾಗಿ ಬರುತ್ತದೆ. ಬಂದ ಮೇಲೆ ಮತ್ತೆ ಈ ಕೆಲಸವೇ ಮಾಡಲಾಗದು. ಚರ್ಮಕ್ಕೆ ತಾಗಿದರೆ ಸಾಬೂನು ನೀರು, ಥಿನ್ನರ್ ಅಲ್ಲ. ಥಿನ್ನರ್ ಅದನ್ನು ಚರ್ಮದೊಳಕ್ಕೇ ಇಳಿಸುತ್ತದೆ. ಉಜ್ಜುವಾಗ ಮಾಸ್ಕ್ ಇರಲಿ.

ಮುಗಿದ ಕೆತ್ತನೆಯನ್ನು ನೇರ ಬಿಸಿಲಿಗೆ ಇಡಬೇಡಿ, ಎಪಾಕ್ಸಿ ಹಳದಿಯಾಗುತ್ತದೆ. 50–60 ಡಿಗ್ರಿಯ ಆಸುಪಾಸಿನಲ್ಲಿ ಅದು ಮೆತ್ತಗಾಗಲೂ ಶುರು. ಮಾರಾಟಕ್ಕೋ ಉಡುಗೊರೆಗೋ ಕಳಿಸುವಾಗ ಏಪ್ರಿಲ್ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ, ಸುತ್ತಿದ ಗುಳ್ಳೆ ಪ್ಲಾಸ್ಟಿಕ್‌ನ ಗುರುತು ಪಳ್ಳದ ಮೇಲೆ ಅಚ್ಚೊತ್ತಿರುತ್ತದೆ. ನೀರಿನ ಭಾಗಕ್ಕೆ ಏನೂ ತಾಗದಂತೆ ನಾಲ್ಕು ಮೂಲೆಗೆ ರಟ್ಟಿನ ಕಾಲು ಕೊಟ್ಟು ಪೆಟ್ಟಿಗೆಗೆ ಇಳಿಸಿ.